ಆಪತ್ಕಾಲದಲ್ಲಿ ಸುದ್ದಿಯ ಸಂಚಾರ

ಘಟ್ಟದ ಮೇಲಿನ ನಮ್ಮ ಸೀಮೆಯಲ್ಲಿ ಆಷಾಢದ ಮಳೆ ಬಲವಾಗಿ ಹಿಡಿಯಿತೆಂದರೆ ಮೊದಲು ಹೋಗುವುದು ವಿದ್ಯುಚ್ಛಕ್ತಿ, ಅದರ ಬೆನ್ನಿಗೆ ದೂರವಾಣಿ, ಕೊನೆಗೆ ದಾರಿ. ಶಿರಸಿ-ಸಿದ್ದಾಪುರ ರಸ್ತೆಯ ಮೇಲಿರುವ ಕಾನಸೂರಿನಂಥ ಊರಿಗೆ ಇದು ಒಂದೆರಡು ದಿನಗಳ ತೊಂದರೆ. ಆದರೆ ರಸ್ತೆಯಿಂದ ಒಳಗೆ ಸರಿದಿರುವ ಕೇರಿಗಳಲ್ಲಿ ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಗುಡ್ಡವೊಂದು, ಅಡಕೆಯ ತೋಟವೊಂದು, ಹಳ್ಳವೊಂದು ಅಡ್ಡವಾಗಿರುತ್ತದೆ. ಹಳ್ಳದ ಮೇಲಣ ಸಂಕ ಮುಳುಗಿದ ಮೇಲೆ ಆಚೆಯ ಮನೆಯವರು ಕ್ಷೇಮವಾಗಿರುವರೆ ಎಂಬುದನ್ನು ತಿಳಿಯಲು ಉಳಿಯುವ ಸಾಧನ ಅಂಗೈಯಲ್ಲಿರುವ ದೂರವಾಣಿಯೊಂದೇ.

2021ರ ಜುಲೈ ತಿಂಗಳಿನಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡಗಳು ಜರಿದು ತೋಟಗಳೂ ರಸ್ತೆಗಳೂ ಮಣ್ಣುಪಾಲಾದುವು. ಅದೇ ಮಳೆಯಲ್ಲಿ ಅರಬೈಲು ಘಟ್ಟದ ರಸ್ತೆ ಕುಸಿಯಿತು. ಗುಳ್ಳಾಪುರದ ಸೇತುವೆಯನ್ನು ಗಂಗಾವಳಿ ನದಿ ಕೊಚ್ಚಿಕೊಂಡು ಹೋಯಿತು. ಮೂರು ವರ್ಷಗಳ ಮೇಲೆ, 2024ರ ಜುಲೈ 16ರ ಬೆಳಗ್ಗೆ, ಅದೇ ನದಿಯ ಕೆಳದಂಡೆಯಲ್ಲಿ, ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ 66ನೆಯ ರಾಷ್ಟ್ರೀಯ ಹೆದ್ದಾರಿಯ ಮೇಲೆ ಗುಡ್ಡವೊಂದು ಬಿದ್ದಿತು. ದಾರಿಯ ಬದಿಯ ಚಹದಂಗಡಿಯೂ ವಾಹನಗಳೂ ಮನುಷ್ಯರೂ ಕ್ಷಣಮಾತ್ರದಲ್ಲಿ ಮಣ್ಣಿನಲ್ಲಿಯೂ ನೀರಿನಲ್ಲಿಯೂ ಮರೆಯಾದರು. ಮಣ್ಣು ನದಿಗೆ ನುಗ್ಗಿದ ರಭಸಕ್ಕೆ ಎದ್ದ ನೀರು ಆಚೆಯ ದಡದ ಉಳುವರೆ ಗ್ರಾಮದ ಮನೆಗಳಿಗೂ ಅಪ್ಪಳಿಸಿತು.

ಇಂತಹ ಆಪತ್ತು ಒದಗಿದಾಗಲೆಲ್ಲ ವಾಟ್ಸಾಪ್, ಫೇಸ್‌ಬುಕ್ ಮೊದಲಾದ ಸಾಮಾಜಿಕ ಜಾಲಗಳ ಮೂಲಕ ಸಾವಿರಾರು ಸಂದೇಶಗಳು ಹೊರಡುತ್ತವೆ. ‘ರಕ್ಷಿಸಿ’ ಎಂಬ ಕರೆ, ‘ದಾರಿ ಕಟ್ಟಿದೆ’ ಎಂಬ ಸೂಚನೆ, ‘ಹಣ ಕಳುಹಿಸಿ’ ಎಂಬ ಕೋರಿಕೆ, ‘ಅಣೆಕಟ್ಟು ಒಡೆಯಿತಂತೆ’ ಎಂಬ ವದಂತಿ, ಎಲ್ಲವೂ ಒಂದೇ ಹಾದಿಯಲ್ಲಿ ಬರುತ್ತವೆ. ಇವುಗಳಲ್ಲಿ ಕೆಲವು ಜೀವ ಉಳಿಸಿದ್ದುಂಟು. ಕೆಲವು ರಕ್ಷಕರನ್ನು ದಾರಿ ತಪ್ಪಿಸಿದ್ದೂ ಉಂಟು. ಈ ವ್ಯತ್ಯಾಸ ಎಲ್ಲಿಂದ ಬರುತ್ತದೆ? ಒಳ್ಳೆಯ ಮನಸ್ಸೊಂದಿದ್ದರೆ ಸಾಲದೆ? ಸಾಲದು. ಸುದ್ದಿ ಹೇಗೆ ಸಂಚರಿಸುತ್ತದೆ, ಎಲ್ಲಿ ತಡೆಯುತ್ತದೆ, ಹೇಗೆ ಕೆಡುತ್ತದೆ ಎಂಬುದನ್ನು ಅರಿತಿರಬೇಕು. ಅದನ್ನು ಇಲ್ಲಿ ಕ್ರಮವಾಗಿ ನೋಡೋಣ.

ಗುಡ್ಡದ ನೆರಳು

ದೂರವಾಣಿಯ ಸಂದೇಶವನ್ನು ಹೊರುವುದು ವಿದ್ಯುತ್ಕಾಂತ ತರಂಗ. ಅದರ ವೇಗ ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರು. ಈ ವೇಗದ ಮುಂದೆ ಪ್ರಕೃತಿಯ ಉತ್ಪಾತಗಳೂ ನಿಧಾನವೇ. 2011ರ ಆಗಸ್ಟ್ 23ರಂದು ಅಮೆರಿಕದ ವರ್ಜೀನಿಯದಲ್ಲಿ 5.8ರ ಪರಿಮಾಣದ ಭೂಕಂಪವಾಯಿತು. ನೆಲವನ್ನು ಬಲವಾಗಿ ಅಲುಗಿಸುವ ಕಂಪನತರಂಗ ಸೆಕೆಂಡಿಗೆ ಸುಮಾರು ಮೂರೂವರೆ ಕಿಲೋಮೀಟರು ಸಾಗುತ್ತದೆಂದು ಹಿಡಿದರೆ, ಸುಮಾರು ಐನೂರು ಕಿಲೋಮೀಟರು ದೂರದ ನ್ಯೂಯಾರ್ಕನ್ನು ಮುಟ್ಟಲು ಅದಕ್ಕೆ ಎರಡು ನಿಮಿಷಕ್ಕೂ ಮಿಗಿಲು ಬೇಕು. ಅಷ್ಟರೊಳಗೆ ‘ಇಲ್ಲಿ ನೆಲ ನಡುಗಿತು’ ಎಂಬ ಟ್ವಿಟರ್ ಸಂದೇಶಗಳು ನ್ಯೂಯಾರ್ಕನ್ನು ತಲಪಿದ್ದುವು. ಓದಿದವರು ತಲೆಯೆತ್ತಿ ನೋಡುವ ವೇಳೆಗೆ ಅವರ ನೆಲವೂ ನಡುಗಿತು.

ಹಾಗಾದರೆ ನಮ್ಮ ಕಣಿವೆಗಳಲ್ಲಿ ಕೂಗಳತೆಯ ದೂರದ ಸುದ್ದಿಯೂ ಏಕೆ ಬಾರದು? ಇದಕ್ಕೆ ಉತ್ತರ ತರಂಗದೂರದಲ್ಲಿದೆ. ತರಂಗವು ತನ್ನ ತರಂಗದೂರಕ್ಕೆ ಹೋಲಿಸಬಹುದಾದ ಅಡ್ಡಿಯನ್ನು ಬಳಸಿಕೊಂಡು ಮುಂದೆ ಸಾಗುತ್ತದೆ; ತನಗಿಂತ ಬಹಳ ದೊಡ್ಡದಾದ ಅಡ್ಡಿಯ ಹಿಂದೆ ನೆರಳನ್ನು ಬಿಡುತ್ತದೆ. ಧಾರವಾಡದ ಆಕಾಶವಾಣಿ ನಿಲಯವನ್ನು 765 ಕಿಲೋಹರ್ಟ್ಸಿನಲ್ಲಿ ಕೇಳಿ ಬೆಳೆದ ಹಿರಿಯರು ನಮ್ಮಲ್ಲಿ ಅನೇಕರಿದ್ದಾರೆ. ಆ ತರಂಗದ ದೂರ ಸುಮಾರು 392 ಮೀಟರು. ಗುಡ್ಡವನ್ನು ಸುತ್ತಿಕೊಂಡು ಕಣಿವೆಗಿಳಿಯಲು ಅದಕ್ಕೆ ಕಷ್ಟವಿರಲಿಲ್ಲ. ಸಂಚಾರಿ ದೂರವಾಣಿಯ 900 ಮೆಗಾಹರ್ಟ್ಸಿನ ತರಂಗದ ದೂರವಾದರೋ 33 ಸೆಂಟಿಮೀಟರು, ಎಂದರೆ ಒಂದು ಅಡಿಗೆ ತುಸು ಹೆಚ್ಚು. ಅದರ ಪಾಲಿಗೆ ನಮ್ಮ ಬೆಟ್ಟಗಳು ಕೋಟೆಯ ಗೋಡೆಗಳು. ಆದುದರಿಂದಲೇ ಹುಡುಗರು ಪಾಠ ಕೇಳಲು, ಹಿರಿಯರು ಮಗನೊಡನೆ ಮಾತಾಡಲು ಗುಡ್ಡ ಹತ್ತುವುದು.

ಗೋಪುರದಿಂದ ಮುಂದಿನ ಹಾದಿಯೂ ಭದ್ರವಲ್ಲ. ಅಲ್ಲಿಂದ ಸುದ್ದಿಯನ್ನು ಒಯ್ಯುವ ಬೆಳಕಿನ ತಂತು ಬಹುತೇಕ ರಸ್ತೆಯ ಅಂಚಿನಲ್ಲಿಯೇ ಹೂತಿರುತ್ತದೆ. ರಸ್ತೆ ಜರಿದರೆ ಅದೂ ತುಂಡಾಗುತ್ತದೆ. ಗೋಪುರದ ಸಂಚಯಕಗಳಾದರೂ ಕೆಲವು ಗಂಟೆಗಳ ಮಟ್ಟಿಗೆ ಮಾತ್ರ ಸಾಕಾಗುವಂಥವು. ಎಣ್ಣೆಯ ಯಂತ್ರವಿದ್ದರೆ ಅದಕ್ಕೆ ಎಣ್ಣೆ ತರಲು ಮತ್ತೆ ದಾರಿಯೇ ಬೇಕು. ಹಿಂದಿನ ತಾಮ್ರದ ತಂತಿಯ ದೂರವಾಣಿಗೆ 48 ವೋಲ್ಟಿನ ವಿದ್ಯುತ್ತು ಕೇಂದ್ರದಿಂದಲೇ ಬರುತ್ತಿದ್ದುದರಿಂದ ಮನೆಯಲ್ಲಿ ದೀಪವಾರಿದರೂ ಗಂಟೆ ಬಾರಿಸುತ್ತಿತ್ತು. ಇಂದು ಮನೆಗೆ ಬರುವ ಬೆಳಕಿನ ತಂತುವಿಗೆ ಆ ಗುಣವಿಲ್ಲ. ತುದಿಯ ಪೆಟ್ಟಿಗೆಗೆ ಮನೆಯ ವಿದ್ಯುತ್ತು ಇರಲೇಬೇಕು.

ಕರೆಗಳ ಜಾತ್ರೆ

ಗೋಪುರ ನಿಂತಿದೆ, ವಿದ್ಯುತ್ತೂ ಇದೆ ಎಂದುಕೊಳ್ಳೋಣ. ಆಗಲೂ ಕರೆ ಹೋಗದಿರುವುದುಂಟು. ಇದರ ಲೆಕ್ಕವನ್ನು ಮೊದಲು ಹಾಕಿದವರು ಡೆನ್ಮಾರ್ಕಿನ ಗಣಿತಜ್ಞ ಎರ್ಲಾಂಗ್. ಕೋಪನ್‌ಹೇಗನ್ನಿನ ದೂರವಾಣಿ ಸಂಸ್ಥೆಯಲ್ಲಿದ್ದ ಅವರು 1909ರಲ್ಲಿ ಈ ವಿಷಯದ ಮೊದಲ ಲೇಖನವನ್ನು ಪ್ರಕಟಿಸಿದರು. ಒಂದು ಗೋಪುರ ಏಕಕಾಲಕ್ಕೆ 60 ಕರೆಗಳನ್ನು ಹೊರಬಲ್ಲದೆಂದು ಉದಾಹರಣೆಗಾಗಿ ಭಾವಿಸೋಣ. ಗಂಟೆಗೆ 600 ಕರೆಗಳು, ತಲಾ 3 ನಿಮಿಷ ನಡೆದರೆ, ಸರಾಸರಿಯಲ್ಲಿ ಒಂದು ಹೊತ್ತಿಗೆ 600 × 3 ÷ 60, ಎಂದರೆ 30 ಕರೆಗಳು ಮಾತ್ರ ನಡೆಯುತ್ತಿರುತ್ತವೆ, ಯಾರಿಗೂ ಅಡ್ಡಿಯಿಲ್ಲ. ಗುಡ್ಡ ಕುಸಿದ ದಿನ 3,000 ಕರೆಗಳು ಬಂದುವೆನ್ನಿ. ಆಗ ಬೇಕಾಗುವುದು 150, ಇರುವುದು 60. ಸಿಕ್ಕದವರು ಮತ್ತೆ ಮತ್ತೆ ಯತ್ನಿಸುವುದರಿಂದ ದಟ್ಟಣೆ ಇನ್ನೂ ಬೆಳೆಯುತ್ತದೆ. ಆದರೆ ಅದೇ 3,000 ಜನರು ತಲಾ ಅರ್ಧ ನಿಮಿಷದಲ್ಲಿ ಮಾತು ಮುಗಿಸಿದರೆ? ಆಗ ಸರಾಸರಿ 25 ಸಾಕು. ಮಾತಿನಲ್ಲಿ ಹಿಡಿತವಿದ್ದರೆ ಹೊಸ ಗೋಪುರ ಕಟ್ಟಿದಷ್ಟೇ ಫಲ.

ಅಕ್ಷರದ ಸಂದೇಶ ಇದಕ್ಕಿಂತಲೂ ಹಗುರ. ಎಸ್ಸೆಮ್ಮೆಸ್ ಎಂಬ ಕಿರುಸಂದೇಶ ಹೆಚ್ಚೆಂದರೆ 140 ಬೈಟುಗಳದು. ಅದಕ್ಕಾಗಿ ಹಾದಿ ನಿರಂತರವಾಗಿ ತೆರೆದಿರಬೇಕಿಲ್ಲ. ಅರೆಕ್ಷಣ ಸಿಕ್ಕರೂ ನುಸುಳುತ್ತದೆ. ಪಡೆಯುವವನ ಯಂತ್ರ ಮುಚ್ಚಿದ್ದರೆ ಕೇಂದ್ರದಲ್ಲಿ ಕಾದಿದ್ದು, ಮತ್ತೆ ಯತ್ನಿಸುತ್ತದೆ. ಇದಕ್ಕೆ ಪ್ರತಿಯಾಗಿ ಸಾಧಾರಣ ಚಿತ್ರವೊಂದು 14 ಲಕ್ಷ ಬೈಟುಗಳಷ್ಟಿದ್ದರೆ, ಹತ್ತು ಸಾವಿರ ಕಿರುಸಂದೇಶಗಳ ಜಾಗವನ್ನು ಅದೊಂದೇ ಕಬಳಿಸುತ್ತದೆ. ಹೊಳೆ ಉಕ್ಕಿ ಹರಿಯುವ ಚಲನಚಿತ್ರವನ್ನು ಕುತೂಹಲಕ್ಕಾಗಿ ಹತ್ತು ಗುಂಪುಗಳಿಗೆ ಹಂಚುವವನು, ಅದೇ ಗೋಪುರದ ಕೆಳಗೆ ಆಂಬುಲೆನ್ಸಿಗಾಗಿ ಯತ್ನಿಸುತ್ತಿರುವವನ ದಾರಿಗೆ ಅಡ್ಡ ನಿಂತಂತೆಯೇ ಸರಿ.

ಕನ್ನಡದಲ್ಲಿ ಬರೆಯುವವರು ಇನ್ನೊಂದು ಅಂಶವನ್ನು ನೆನಪಿಡಬೇಕು. ಇಂಗ್ಲಿಷ್ ಅಕ್ಷರಕ್ಕೆ 7 ಬಿಟ್ಟುಗಳು ಸಾಕಾದುದರಿಂದ 140 ಬೈಟುಗಳಲ್ಲಿ 160 ಅಕ್ಷರಗಳು ಹಿಡಿಸುತ್ತವೆ. ಕನ್ನಡದ ಪ್ರತಿ ಸಂಕೇತಕ್ಕೆ 16 ಬಿಟ್ಟುಗಳು ಬೇಕು. ಆದ್ದರಿಂದ 70 ಸಂಕೇತಗಳು ಮಾತ್ರ. ಅದರಲ್ಲಿಯೂ ಗುಣಿತ, ಒತ್ತುಗಳಿಗೆ ಬೇರೆ ಸಂಕೇತಗಳುಂಟು. ‘ಸ್ತ್ರೀ’ ಎಂಬ ಒಂದೇ ಅಕ್ಷರ ಆರು ಸಂಕೇತಗಳನ್ನು ನುಂಗುತ್ತದೆ. ಕನ್ನಡ ಬಿಡಬೇಕೆಂದು ಇದರ ಅರ್ಥವಲ್ಲ. ಪೀಠಿಕೆ, ಅಲಂಕಾರಗಳನ್ನು ಬಿಡಬೇಕೆಂದು ಅರ್ಥ.

ಎಲ್ಲಿ, ಯಾವಾಗ?

ಆಪತ್ತಿನ ಸಂದೇಶದಲ್ಲಿ ಅತಿ ಮುಖ್ಯವಾದುದು ಸ್ಥಳ. ‘ಶಿರೂರಿನಲ್ಲಿ ಗುಡ್ಡ ಕುಸಿದಿದೆ’ ಎಂದಷ್ಟೇ ಬರೆದರೆ ಏನಾದೀತು ನೋಡಿ. ಅಂಕೋಲೆಯ ಶಿರೂರು 66ನೆಯ ಹೆದ್ದಾರಿಯ ಮೇಲಿದೆ. ಅದೇ ಹೆದ್ದಾರಿಯ ಮೇಲೆ, ಉಡುಪಿ ಜಿಲ್ಲೆಯ ಬೈಂದೂರು ತಾಲ್ಲೂಕಿನಲ್ಲಿಯೂ ಒಂದು ಶಿರೂರುಂಟು. ತಾಲ್ಲೂಕಿನ ಹೆಸರೊಂದು ಬಿಟ್ಟುಹೋದರೆ ನೆರವಿನ ವಾಹನ ಮತ್ತೊಂದು ಜಿಲ್ಲೆಯತ್ತ ಹೊರಟರೂ ಆಶ್ಚರ್ಯವಿಲ್ಲ. ‘ಕಾನಸೂರಿನ ಹತ್ತಿರ’ ಎಂಬ ಮಾತಿಗೆ ಹಾದಿ ಬಲ್ಲವನಿಗೆ ಒಂದು ಅರ್ಥ, ಹೊರಗಿನಿಂದ ಬಂದ ರಕ್ಷಣಾ ದಳದವನಿಗೆ ಹತ್ತು ಅರ್ಥ.

ಇಲ್ಲಿ ಅಕ್ಷಾಂಶ, ರೇಖಾಂಶಗಳು ಸಹಾಯಕ್ಕೆ ಬರುತ್ತವೆ. ಒಂದು ಡಿಗ್ರಿ ಅಕ್ಷಾಂಶವೆಂದರೆ ಸುಮಾರು 111 ಕಿಲೋಮೀಟರು. ಆದುದರಿಂದ ದಶಮಾಂಶದ ಬಿಂದುವಿನ ಮುಂದಿನ ಮೊದಲನೆಯ ಅಂಕೆ ನಮ್ಮನ್ನು 11 ಕಿಲೋಮೀಟರಿನ ಮಟ್ಟಕ್ಕೂ, ಎರಡನೆಯದು 1.1 ಕಿಲೋಮೀಟರಿನ ಮಟ್ಟಕ್ಕೂ, ನಾಲ್ಕನೆಯದು 11 ಮೀಟರಿನ ಮಟ್ಟಕ್ಕೂ ಒಯ್ಯುತ್ತದೆ. ಶಿರಸಿಯನ್ನು 14.6, 74.8 ಎಂದು ಬರೆದರೆ ಇಡೀ ಪಟ್ಟಣವೂ ಸುತ್ತಲಿನ ಹಳ್ಳಿಗಳೂ ಅದರಲ್ಲಿ ಅಡಗುತ್ತವೆ. ನಾಲ್ಕು ಅಂಕೆ ಬರೆದರೆ ಒಂದು ಮನೆಯ ಅಂಗಳ ಸಿಕ್ಕುತ್ತದೆ. ಅದಕ್ಕಿಂತ ಹೆಚ್ಚಿನ ಅಂಕೆಗಳು ಕೈಯಲ್ಲಿನ ಯಂತ್ರದ ನಿಖರತೆಯನ್ನು ಮೀರಿದುವು, ಬರೆದು ಫಲವಿಲ್ಲ.

ಈ ಅಂಕೆಗಳನ್ನು ಪಡೆಯಲು ದೂರವಾಣಿಯ ಜಾಲ ಬೇಕಿಲ್ಲವೆಂಬುದು ಅನೇಕರಿಗೆ ತಿಳಿಯದು. ಸುಮಾರು 20,200 ಕಿಲೋಮೀಟರು ಎತ್ತರದಲ್ಲಿ ಸುತ್ತುವ ಜಿಪಿಎಸ್ ಉಪಗ್ರಹಗಳು ತಮ್ಮ ಗಡಿಯಾರದ ವೇಳೆಯನ್ನು ಎಡೆಬಿಡದೆ ಸಾರುತ್ತಿರುತ್ತವೆ. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ದೊರೆತರೆ, ಅವು ಬಂದು ಮುಟ್ಟಿದ ಕಾಲಗಳ ಅಂತರದಿಂದ ಯಂತ್ರವು ತನ್ನ ಸ್ಥಾನವನ್ನು ತಾನೇ ಗಣಿಸುತ್ತದೆ. ಕಾಲದಲ್ಲಿ ಒಂದು ಮೈಕ್ರೋಸೆಕೆಂಡು ತಪ್ಪಿದರೆ ದೂರದಲ್ಲಿ 300 ಮೀಟರು ತಪ್ಪುವುದೆಂದರೆ ಈ ಗಣನೆಯ ಸೂಕ್ಷ್ಮತೆ ಅರಿವಾಗದಿರದು. ಜಾಲವಿಲ್ಲದ ಕಡೆ ಅಂಕೆಗಳನ್ನು ಬರೆದಿಟ್ಟುಕೊಂಡು, ಗುಡ್ಡ ಹತ್ತಿದವನ ಕೈಯಲ್ಲಿ ಕಳುಹಿಸಬಹುದು.

ಆದರೆ ಆ ಸಂಕೇತ ನೆಲಕ್ಕೆ ಬರುವ ವೇಳೆಗೆ ಒಂದು ವಾಟಿನ ಕೋಟಿ ಕೋಟಿಯಲ್ಲೊಂದಂಶಕ್ಕೂ ಕ್ಷೀಣವಾಗಿರುತ್ತದೆ. ಒದ್ದೆ ಮಣ್ಣನ್ನೂ ನೀರನ್ನೂ ಅದು ಭೇದಿಸಲಾರದು. ಶಿರೂರಿನ ದುರಂತದಲ್ಲಿ ಇದರ ಕಠಿಣ ಪಾಠವಿದೆ. ಅಲ್ಲಿ ಕಾಣೆಯಾದ ಕೇರಳದ ಲಾರಿಯೊಂದರ ಜಿಪಿಎಸ್ ತೋರಿದ ಸ್ಥಾನ ಕುಸಿತದ ಜಾಗವೇ ಆಗಿತ್ತು. ಚಾಲಕನ ದೂರವಾಣಿ ರಿಂಗಣಿಸಿತೆಂಬ ಸುದ್ದಿಯೂ ಹರಡಿತು. ಲಾರಿ ಹೆದ್ದಾರಿಯ ಮೇಲಿನ ಮಣ್ಣಿನಡಿಯಲ್ಲಿ ಇದ್ದೀತೆಂಬ ಆಸೆ ಬಲಗೊಂಡಿತು. ದೇಶದ ಕಣ್ಣು ಜಾಲಗಳ ಮೂಲಕ ಅಲ್ಲಿ ನೆಟ್ಟಿತು. ಭೂಭೇದಕ ರಾಡಾರು, ಲೋಹಶೋಧಕಗಳು ಬಂದುವು. ಕೊನೆಗೆ ಸೆಪ್ಟೆಂಬರ್ 25ರಂದು, ಎಪ್ಪತ್ತೊಂದು ದಿನಗಳ ಮೇಲೆ, ಲಾರಿಯೂ ಚಾಲಕನ ದೇಹವೂ ದೊರೆತುದು ಗಂಗಾವಳಿಯ ಒಡಲಿನಲ್ಲಿ. ಯಂತ್ರ ಸುಳ್ಳು ಹೇಳಿರಲಿಲ್ಲ. ಅದು ಹೇಳಿದ್ದು ‘ಕೊನೆಯದಾಗಿ ಇಲ್ಲಿದ್ದೆ’ ಎಂದು. ಕೇಳಿದವರು ಅರ್ಥಮಾಡಿಕೊಂಡದ್ದು ‘ಈಗ ಇಲ್ಲಿದ್ದೇನೆ’ ಎಂದು. ವೇಳೆಯನ್ನು ಕೂಡಿಸದ ಸ್ಥಾನ ಅರ್ಧ ಸುದ್ದಿ.

ವದಂತಿಯ ಸರಣಿಕ್ರಿಯೆ

ಸುದ್ದಿ ಕೆಡುವುದು ಹೊಸತಲ್ಲ. 1912ರ ಏಪ್ರಿಲ್ 15ರಂದು ಟೈಟಾನಿಕ್ ಹಡಗು ಮುಳುಗಿ ಸಾವಿರದ ಐನೂರರಷ್ಟು ಜನರು ಸತ್ತಾಗ, ಕೆಲವು ಪತ್ರಿಕೆಗಳು ‘ಪ್ರಯಾಣಿಕರೆಲ್ಲರೂ ಕ್ಷೇಮ, ಹಡಗನ್ನು ಹ್ಯಾಲಿಫ್ಯಾಕ್ಸ್ ಬಂದರಿಗೆ ಎಳೆದುತರಲಾಗುತ್ತಿದೆ’ ಎಂದು ಅಚ್ಚುಮಾಡಿದುವು. ಬೇರೆ ಬೇರೆ ನಿಸ್ತಂತು ಸಂದೇಶಗಳ ತುಣುಕುಗಳು ಬೆರೆತು ಈ ತಪ್ಪಾಯಿತೆಂದು ನಂಬಲಾಗಿದೆ. ಯಾರೂ ಬೇಕೆಂದು ಸುಳ್ಳಾಡಿರಲಿಲ್ಲ. ಅದೇ ವರ್ಷ ಅಮೆರಿಕವು ನಿಸ್ತಂತು ಪ್ರೇಷಣಕ್ಕೆ ಪರವಾನಗಿ ಕಡ್ಡಾಯವೆಂದು ಕಾನೂನು ಮಾಡಿತು.

ಇಂದು ಪ್ರತಿಯೊಬ್ಬನೂ ಪ್ರೇಷಕ. ಒಬ್ಬನು ಮೂವರಿಗೆ, ಅವರಲ್ಲಿ ಪ್ರತಿಯೊಬ್ಬನೂ ಮತ್ತೆ ಮೂವರಿಗೆ ಸುದ್ದಿಯನ್ನು ದಾಟಿಸುತ್ತ ಹೋದರೆ ಹತ್ತನೆಯ ಹಂತದಲ್ಲಿ ಪಡೆಯುವವರು 59,049. ಇದು ನಮ್ಮ ಜಿಲ್ಲೆಯ ಕೈಗಾದ ಪರಮಾಣು ಸ್ಥಾವರದೊಳಗಿನ ಸರಣಿಕ್ರಿಯೆಯನ್ನು ಹೋಲುತ್ತದೆ. ಅಲ್ಲಿ ಒಂದು ತಲೆಮಾರಿನ ನ್ಯೂಟ್ರಾನುಗಳಿಂದ ಮುಂದಿನ ತಲೆಮಾರಿಗೆ ಎಷ್ಟು ಹುಟ್ಟುತ್ತವೆಂಬ ಗುಣಕ ಒಂದಕ್ಕಿಂತ ತುಸು ಹೆಚ್ಚೋ ತುಸು ಕಡಿಮೆಯೋ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಸಾವಿರ ಸಂದೇಶಗಳಿಂದ ಪ್ರಾರಂಭಿಸಿ, ಗುಣಕ 1.1 ಇದ್ದರೆ ಇಪ್ಪತ್ತನೆಯ ತಲೆಮಾರಿನಲ್ಲಿ 6,727 ಆಗುತ್ತದೆ, ಗುಣಕ 0.9 ಇದ್ದರೆ 122ಕ್ಕೆ ಇಳಿಯುತ್ತದೆ. ಸ್ಥಾವರದಲ್ಲಿ ನ್ಯೂಟ್ರಾನುಗಳನ್ನು ಹೀರುವ ನಿಯಂತ್ರಕಗಳುಂಟು. ಸಮಾಜದಲ್ಲಿ ಆ ನಿಯಂತ್ರಕ ಯಾರು? ‘ಇದನ್ನು ಮುಂದೆ ಕಳುಹಿಸುವುದಿಲ್ಲ’ ಎಂದು ನಿರ್ಧರಿಸಿದ ಒಬ್ಬ ವಿದ್ಯಾರ್ಥಿ. ಹತ್ತರಲ್ಲಿ ಇಬ್ಬರು ಹಾಗೆ ತಡೆದರೆ ಗುಣಕ 1.1ರಿಂದ 0.88ಕ್ಕೆ ಬರುತ್ತದೆ, ವದಂತಿ ತಾನಾಗಿ ಆರುತ್ತದೆ.

ವಾಟ್ಸಾಪ್ ಸಂಸ್ಥೆಯೂ ಇದೇ ತತ್ತ್ವವನ್ನು ಬಳಸಿತು. 2018ರಲ್ಲಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ದಾಟಿಸಬಹುದೆಂದು ಮಿತಿಗೊಳಿಸಿ, 2020ರ ಏಪ್ರಿಲಿನಲ್ಲಿ ಬಹಳ ಕೈ ದಾಟಿ ಬಂದ ಸಂದೇಶಗಳಿಗೆ ಒಂದೇ ಕಡೆ ಎಂಬ ಕಟ್ಟು ಹಾಕಿತು. ಅಂಥ ಸಂದೇಶಗಳ ಸಂಚಾರ ನೂರಕ್ಕೆ 70ರಷ್ಟು ತಗ್ಗಿತೆಂದು ಆ ಸಂಸ್ಥೆಯೇ ಹೇಳಿತು. ಇದು ಅಗತ್ಯವೂ ಆಗಿತ್ತು. 2006ರಿಂದ 2017ರ ವರೆಗಿನ ಸುಮಾರು 1,26,000 ಟ್ವಿಟರ್ ಸುದ್ದಿಸರಣಿಗಳನ್ನು ಪರೀಕ್ಷಿಸಿದ ಅಮೆರಿಕದ ಸಂಶೋಧಕರು, 1,500 ಜನರನ್ನು ಮುಟ್ಟಲು ಸತ್ಯಕ್ಕೆ ಸುಳ್ಳಿಗಿಂತ ಸುಮಾರು ಆರರಷ್ಟು ಕಾಲ ಬೇಕಾಯಿತೆಂದು 2018ರಲ್ಲಿ ಪ್ರಕಟಿಸಿದರು. ಅದೇ ವರ್ಷದ ಆಗಸ್ಟಿನಲ್ಲಿ ಕೇರಳವೂ ಕೊಡಗೂ ನೀರಿನಲ್ಲಿ ಮುಳುಗಿದ್ದಾಗ ಮುಲ್ಲಪೆರಿಯಾರ್ ಅಣೆಕಟ್ಟು ಸೋರುತ್ತಿದೆಯೆಂಬ ಸುಳ್ಳು ಧ್ವನಿಮುದ್ರಿಕೆ ಕೈಯಿಂದ ಕೈಗೆ ಹರಿದಾಡಿತು.

ಸುಳ್ಳಿಗಿಂತ ಸೂಕ್ಷ್ಮವಾದ ಅಪಾಯ ಹಳಸಿದ ಸತ್ಯದ್ದು. ‘ತುರ್ತಾಗಿ ರಕ್ತ ಬೇಕು’ ಎಂಬ ದಿನಾಂಕವಿಲ್ಲದ ಕೋರಿಕೆ, ರೋಗಿ ಗುಣಹೊಂದಿ ಮನೆಗೆ ಹೋದ ಮೇಲೂ ತಿಂಗಳುಗಟ್ಟಲೆ ಸುತ್ತುತ್ತಿರುತ್ತದೆ. ರಕ್ಷಿಸಲ್ಪಟ್ಟ ಕುಟುಂಬವನ್ನು ಹುಡುಕಿಕೊಂಡು ಎರಡನೆಯ ದೋಣಿ ಹೊರಟರೆ, ಇನ್ನೂ ನೀರಿನಲ್ಲಿ ನಿಂತಿರುವ ಕುಟುಂಬಕ್ಕೆ ಆ ದೋಣಿ ಇಲ್ಲವಾಗುತ್ತದೆ. ಆದುದರಿಂದ ನೆರವು ಬೇಡಿದವನಿಗೆ ‘ನೆರವು ಸಿಕ್ಕಿತು, ಈ ಸಂದೇಶವನ್ನು ನಿಲ್ಲಿಸಿ’ ಎಂದು ತಿಳಿಸುವ ಹೊಣೆಯೂ ಉಂಟು.

ಹಣದ ಕೋರಿಕೆ

ನೆರವಿನ ಹಣವೂ ಇಂದು ಸಂದೇಶದ ರೂಪದಲ್ಲಿಯೇ ಸಂಚರಿಸುತ್ತದೆ. 2016ರಲ್ಲಿ ಆರಂಭವಾದ ಯುಪಿಐ ವ್ಯವಸ್ಥೆಯಿಂದ ಹತ್ತು ರೂಪಾಯಿಯನ್ನು ಕೂಡ ಕ್ಷಣದಲ್ಲಿ ಕಳುಹಿಸಬಹುದು. ಆದರೆ ವಿಳಾಸದ ಒಂದು ಅಕ್ಷರ ಬದಲಾದರೆ ಹಣ ಬೇರೆಯವನದು. 2020ರ ಮಾರ್ಚಿನಲ್ಲಿ ಪಿಎಂ ಕೇರ್ಸ್ ನಿಧಿ ಆರಂಭವಾದ ಕೂಡಲೇ, ಅದರ ವಿಳಾಸದಿಂದ ‘ಎಸ್’ ಎಂಬ ಕೊನೆಯ ಅಕ್ಷರವೊಂದನ್ನು ಬಿಟ್ಟು ರಚಿಸಿದ್ದ ಕಪಟ ವಿಳಾಸವನ್ನು ದಿಲ್ಲಿಯ ಪೊಲೀಸರು ಪತ್ತೆಹಚ್ಚಿ ಜನರನ್ನು ಎಚ್ಚರಿಸಿದರು.

ಕ್ಯೂಆರ್ ಚೌಕವಿದ್ದರೆ ಭಯವಿಲ್ಲವೆಂದು ಕೆಲವರು ಭಾವಿಸುತ್ತಾರೆ. 1994ರಲ್ಲಿ ಜಪಾನಿನಲ್ಲಿ ರಚಿತವಾದ ಈ ಚೌಕದಲ್ಲಿ ದೋಷ ತಿದ್ದುವ ಗಣಿತ ಅಡಗಿದೆ. ಅದರ ಅತ್ಯುಚ್ಚ ಮಟ್ಟದಲ್ಲಿ ನೂರಕ್ಕೆ 30ರಷ್ಟು ಭಾಗ ಅಳಿಸಿದರೂ ಓದಬಹುದು. ಆದರೆ ಆ ಗಣಿತ ಮಸಿಯ ಕಲೆಯನ್ನು ತಿದ್ದಬಲ್ಲದೇ ಹೊರತು ಮನುಷ್ಯನ ಕಪಟವನ್ನಲ್ಲ. ಹಣ ಕಳುಹಿಸುವ ಮುನ್ನ ತೆರೆಯ ಮೇಲೆ ಬರುವ ಖಾತೆದಾರನ ಹೆಸರನ್ನು ಓದಬೇಕು. ವಿಳಾಸವನ್ನು ಸರಕಾರದ ಅಥವಾ ಪರಿಚಿತ ಸಂಸ್ಥೆಯ ಸ್ವಂತ ಪ್ರಕಟಣೆಯಿಂದ ತೆಗೆದುಕೊಳ್ಳಬೇಕು. ಹಣ ಪಡೆಯುವವನು ತನ್ನ ಗುಪ್ತಸಂಖ್ಯೆಯನ್ನು ಒತ್ತಬೇಕಾದುದೇ ಇಲ್ಲ; ಒತ್ತೆಂದವನು ವಂಚಕನೇ.

ಎಲ್ಲರಿಗೂ ಒಂದೇ ಕೂಗು

ವ್ಯಕ್ತಿಯಿಂದ ವ್ಯಕ್ತಿಗೆ ಹೋಗುವ ಸುದ್ದಿಯ ಈ ದೋಷಗಳಿಗೆ ಪರಿಹಾರವಾಗಿ ಇನ್ನೊಂದು ಕ್ರಮವುಂಟು. ಅದು ಹಿಂದಿನ ಡಂಗುರದ ವಂಶದ್ದು. 2023ರ ಅಕ್ಟೋಬರ್ 12ರಂದು ಕರ್ನಾಟಕದ ದೂರವಾಣಿಗಳು ಒಮ್ಮೆಲೇ ವಿಚಿತ್ರವಾಗಿ ಕೂಗಿಕೊಂಡುದನ್ನು ವಾಚಕರು ಮರೆತಿರಲಾರರು. ಅದು ಕೋಶಪ್ರಸಾರವೆಂಬ ವ್ಯವಸ್ಥೆಯ ಪರೀಕ್ಷೆ. ಗೋಪುರವು ಸಂದೇಶವನ್ನು ಒಂದೇ ಬಾರಿ ಸಾರುತ್ತದೆ. ವ್ಯಾಪ್ತಿಯಲ್ಲಿರುವ ಯಂತ್ರಗಳೆಲ್ಲವೂ ಅದನ್ನು ಆಲಿಸುತ್ತವೆ. ನೂರು ಜನರಿದ್ದರೂ ಲಕ್ಷ ಜನರಿದ್ದರೂ ಗೋಪುರಕ್ಕೆ ಹೊರೆ ಒಂದೇ. ಯಾರ ಸಂಖ್ಯೆಯೂ ತಿಳಿದಿರಬೇಕಾಗಿಲ್ಲ. ಪ್ರವಾಸಿಗೂ ಎಚ್ಚರಿಕೆ ಮುಟ್ಟುತ್ತದೆ. ಅಪಾಯವಿರುವ ಪ್ರದೇಶಕ್ಕೆ ಮಾತ್ರ ಸಾರಬಹುದೆಂಬುದು ಇನ್ನೊಂದು ಅನುಕೂಲ. ಆದರೆ ಇದು ಮೇಲಿನಿಂದ ಕೆಳಕ್ಕೆ ಮಾತ್ರ ಹರಿಯುವ ಸುದ್ದಿ. ಕೇಳಿದವನು ಮರುಮಾತು ಹೇಳಲಾರ.

ಕೆಳಗಿನಿಂದ ಮೇಲಕ್ಕೆ ಸುದ್ದಿ ಬರಲು ಜನರೇ ಬೇಕು. 2010ರ ಜನವರಿಯಲ್ಲಿ ಹೈಟಿಯಲ್ಲಿ ಭೂಕಂಪವಾದಾಗ 4636 ಎಂಬ ಸಂಖ್ಯೆಗೆ ಜನರು ತಮ್ಮ ಕ್ರಿಯೋಲ್ ನುಡಿಯಲ್ಲಿ ಕಿರುಸಂದೇಶ ಕಳುಹಿಸಿದರು. ಪರದೇಶಗಳಲ್ಲಿ ನೆಲೆಸಿದ್ದ ಹೈಟಿಯವರು ಅವನ್ನು ಅನುವಾದಿಸಿ, ಕೇರಿಯ ಹೆಸರುಗಳನ್ನು ಗುರುತಿಸಿ, ಭೂಪಟದ ಮೇಲೆ ಸ್ಥಳ ತೋರಿಸಿದರು. ಊರಿನ ನುಡಿಯನ್ನೂ ಓಣಿಯನ್ನೂ ಬಲ್ಲವನು ದೂರದಲ್ಲಿದ್ದೂ ರಕ್ಷಕನಾಗಬಲ್ಲನೆಂಬುದಕ್ಕೆ ಇದು ನಿದರ್ಶನ. ಬೆಂಗಳೂರಿನಲ್ಲಿ ಓದುವ ನಮ್ಮ ಹುಡುಗಿಯೊಬ್ಬಳು ತನ್ನ ಕೇರಿಯ ಹತ್ತು ಮನೆಗಳ ಸ್ಥಾನವನ್ನು ಪಟದ ಮೇಲೆ ಗುರುತಿಸಿಟ್ಟರೆ, ಅದು ಒಂದು ದಿನ ದೋಣಿಯಷ್ಟೇ ಬೆಲೆಯುಳ್ಳದ್ದಾದೀತು.

ಮೌನವೂ ಒಂದು ಸುದ್ದಿ

ಕೊನೆಯದಾಗಿ, ಮೇಲಿನ ಎಲ್ಲಕ್ಕಿಂತ ಮುಖ್ಯವಾದ ಮಾತೊಂದುಂಟು. ಜಪಾನಿನ ಸಂಶೋಧಕರು ಟ್ವಿಟರ್ ಸಂದೇಶಗಳನ್ನೇ ಕಂಪನಮಾಪಕಗಳಂತೆ ಬಳಸಿ, ಆ ದೇಶದ ಮಾನದಲ್ಲಿ ಮೂರನೆಯ ತೀವ್ರತೆ ಮತ್ತು ಅದಕ್ಕೆ ಮೇಲ್ಪಟ್ಟ ಭೂಕಂಪಗಳಲ್ಲಿ ನೂರಕ್ಕೆ 96ನ್ನು ಗುರುತಿಸಬಹುದೆಂದು 2010ರಲ್ಲಿ ತೋರಿಸಿದರು. ಆದರೆ ಮಾಪಕ ಇಲ್ಲದ ಕಡೆ ಕಂಪನ ದಾಖಲಾಗದು. 2012ರಲ್ಲಿ ಸ್ಯಾಂಡಿ ಎಂಬ ಚಂಡಮಾರುತ ನ್ಯೂಯಾರ್ಕಿಗೆ ಬಡಿದಾಗ ಅತಿ ಹೆಚ್ಚು ಸಂದೇಶಗಳು ಹೊರಟುದು ಮ್ಯಾನ್‌ಹಟನ್ನಿನಿಂದ. ಹೆಚ್ಚು ಹಾನಿಗೊಳಗಾದ ಕರಾವಳಿಯ ಮೊಹಲ್ಲಗಳಿಂದ ಬಂದುವು ಕಡಿಮೆ. ವಿದ್ಯುತ್ತು, ಯಂತ್ರ, ಬಿಡುವು ಇದ್ದವರು ಬರೆದರು. ಮನೆ ಕಳೆದುಕೊಂಡವರು ಬರೆಯಲಿಲ್ಲ.

ನಮ್ಮಲ್ಲಿಯೂ ಹಾಗೆಯೇ. ರಸ್ತೆಯ ಪಕ್ಕದ ಊರಿನ ನೂರು ಸಂದೇಶಗಳು ನಮ್ಮ ಕಣ್ಣು ತುಂಬುವಾಗ, ಕಣಿವೆಯಾಚೆಯ ಕೇರಿಯಿಂದ ಒಂದೂ ಬಂದಿರುವುದಿಲ್ಲ. ಸುದ್ದಿಯಿಲ್ಲವೆಂದರೆ ಕ್ಷೇಮವೆಂದು ತಿಳಿಯುವುದು ಅಭ್ಯಾಸ. ಮಳೆಗಾಲದಲ್ಲಿ ಈ ಅಭ್ಯಾಸ ಪ್ರಾಣಘಾತಕ. ಗೋಪುರ ಬಿದ್ದು, ತಂತು ತುಂಡಾಗಿ, ದಾರಿ ಜರಿದು ಎಲ್ಲಕ್ಕಿಂತ ಹೆಚ್ಚು ಪೆಟ್ಟು ತಿಂದ ಊರೇ ಎಲ್ಲಕ್ಕಿಂತ ಮೌನವಾಗಿರುತ್ತದೆ. ಆದುದರಿಂದ ಕಾರ್ಯಕರ್ತರು ಬಂದ ಸಂದೇಶಗಳ ಪಟ್ಟಿಯೊಡನೆ ಬಾರದವರ ಪಟ್ಟಿಯನ್ನೂ ಇಟ್ಟುಕೊಳ್ಳಬೇಕು. ಮೊದಲು ಜನರನ್ನು ಕಳುಹಿಸಬೇಕಾದುದು ಅತ್ತ.

ವಿದ್ಯಾರ್ಥಿಗಳು ಮುಂಗಾರಿಗೆ ಮುನ್ನ ಮಾಡಬಹುದಾದ ಕೆಲಸವೊಂದನ್ನು ಸೂಚಿಸಿ ಮುಗಿಸುತ್ತೇನೆ. ನಿಮ್ಮ ಕೇರಿಯ ಮನೆಗಳ ಪಟ್ಟಿ ಬರೆಯಿರಿ. ಪ್ರತಿ ಮನೆಯ ಅಕ್ಷಾಂಶ, ರೇಖಾಂಶಗಳನ್ನು ನಾಲ್ಕು ದಶಮಾಂಶಗಳವರೆಗೆ ಗುರುತಿಸಿರಿ. ಎಲ್ಲಿ ನಿಂತರೆ ಗೋಪುರ ಸಿಕ್ಕುತ್ತದೆ, ಯಾರ ಮನೆಯಲ್ಲಿ ಬ್ಯಾಟರಿಯ ದೀಪವಿದೆ, ಯಾರು ಒಂಟಿಯಾಗಿರುವ ವೃದ್ಧರು, ಯಾವ ಸಂಕ ಮೊದಲು ಮುಳುಗುತ್ತದೆ ಎಂಬುದನ್ನು ಎದುರಿಗೆ ಬರೆಯಿರಿ. ಜಾಲ ದುರ್ಬಲವಾದಷ್ಟೂ ಕೈಯಂತ್ರವು ಹೆಚ್ಚು ಶಕ್ತಿ ಸುರಿದು ಗೋಪುರವನ್ನು ಅರಸುತ್ತ ಬ್ಯಾಟರಿಯನ್ನು ಬರಿದುಮಾಡುತ್ತದೆ. ಆದುದರಿಂದ ಅದನ್ನು ವಿಮಾನಸ್ಥಿತಿಯಲ್ಲಿಟ್ಟು, ಬೆಳಗ್ಗೆ ಎಂಟಕ್ಕೆ, ಸಂಜೆ ಆರಕ್ಕೆ ಎಂಬಂತೆ ನಿಗದಿಯಾದ ವೇಳೆಗೆ ಮಾತ್ರ ತೆರೆದು ‘ಕ್ಷೇಮ’ ಎಂದು ತಿಳಿಸುವ ಒಪ್ಪಂದ ಮಾಡಿಕೊಳ್ಳಿರಿ. ಬರೆಯುವ ಸಂದೇಶದಲ್ಲಿ ದಿನಾಂಕ, ವೇಳೆ, ಊರು, ತಾಲ್ಲೂಕು, ಏನಾಯಿತು, ಎಷ್ಟು ಜನ, ಏನು ಬೇಕು, ಕಣ್ಣಾರೆ ಕಂಡವರು ಯಾರು, ಇವಿಷ್ಟಿರಲಿ. ಜೀವಕ್ಕೆ ಅಪಾಯವಿದ್ದರೆ ಗುಂಪಿನಲ್ಲಿ ಬರೆಯುವ ಮುನ್ನ 112ಕ್ಕೆ ಕರೆಮಾಡಿರಿ.

ನಿಗದಿಯಾದ ವೇಳೆ ಮೀರಿಯೂ ಒಂದು ಮನೆಯಿಂದ ‘ಕ್ಷೇಮ’ ಎಂಬ ಮಾತು ಬಾರದಿದ್ದರೆ, ಅದೇ ನಿಮಗೆ ಬಂದ ಸಂದೇಶ. ಇಬ್ಬರು ಜೊತೆಗೂಡಿ, ಊರ ಹಿರಿಯರಿಗೆ ತಿಳಿಸಿ, ಹಳ್ಳದ ನೀರನ್ನು ನೋಡಿಕೊಂಡು ಹೊರಡಿರಿ.